ಉಳುಕಿದ ಕಾಲು: ಎಕ್ಸ್‌ರೇ ಬೇಕೆ, ನೀವಿಸಬೇಕೆ?

ಪ್ರಶ್ನೆ: ನಾನು ಪ್ರೌಢಶಾಲೆ ಶಿಕ್ಷಕಿ, ವಯಸ್ಸು 42. ಮೊನ್ನೆ ಮಳೆಯಲ್ಲಿ ಬಸ್ಸಿಳಿಯುವಾಗ ಚರಂಡಿ ಕಲ್ಲಿನ ಅಂಚಿನ ಮೇಲೆ ಕಾಲಿಟ್ಟು, ಬಲಪಾದ ಒಳಕ್ಕೆ ಮಗುಚಿಕೊಂಡಿತು. ಹೇಗೋ ಕುಂಟುತ್ತಾ ಮನೆಗೆ ಬಂದೆ. ರಾತ್ರಿಯೊಳಗೆ ಹೊರಗಂಟಿನ ಸುತ್ತ ಬಾತುಕೊಂಡು, ಮಾರನೇ ದಿನ ನೀಲಿಗಟ್ಟಿತು. ಪಕ್ಕದೂರಿನಲ್ಲಿ ಉಳುಕು ತೆಗೆಯುವವರಿದ್ದಾರೆ, ನೀವಿಸಿಕೊಂಡು ಬರೋಣ ಎನ್ನುತ್ತಾರೆ ಅತ್ತೆ. ನಮ್ಮ ಯಜಮಾನರು ಸೀದಾ ಮೂಳೆ ಡಾಕ್ಟರ ಹತ್ತಿರ ಹೋಗಿ ಎಂಆರ್‌ಐ ಮಾಡಿಸೋಣ ಎನ್ನುತ್ತಾರೆ. ಶಾಲೆಯಲ್ಲಿ ಒಬ್ಬರು ಪುತ್ತೂರು ಕಟ್ಟು ಹಾಕಿಸಿ ಎಂದರು. ಯಾರ ಮಾತು ಕೇಳಲಿ?
– ಓದುಗರು, ಶಿವಮೊಗ್ಗ ಜಿಲ್ಲೆ

ಉತ್ತರ: ಇದು ಅಚ್ಚಾಗುವ ಹೊತ್ತಿಗೆ ನಿಮ್ಮ ಊತ ಅರ್ಧ ಇಳಿದಿರುತ್ತದೆ, ಅತ್ತೆಯವರೋ ಯಜಮಾನರೋ ಯಾರಾದರೊಬ್ಬರು ಗೆದ್ದೂ ಇರುತ್ತಾರೆ. ಆದರೂ ವಿವರವಾಗಿ ಬರೆಯುತ್ತೇನೆ. ಮಳೆಗಾಲ ಮುಗಿದಿಲ್ಲ, ಚರಂಡಿ ಕಲ್ಲುಗಳೂ ಹಾಗೇ ಇವೆ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಊತದ ವರ್ಣನೆಯಲ್ಲ, 'ಕುಂಟುತ್ತಾ ಮನೆಗೆ ಬಂದೆ' ಎಂಬ ಮಾತು. ಕಾಲು ಉಳುಕಿದಾಗ ಮೊದಲು ತೀರ್ಮಾನವಾಗಬೇಕಾದದ್ದು ಮೂಳೆ ಮುರಿದಿದೆಯೇ ಎಂಬುದು. ಊತದ ಗಾತ್ರ ನೋಡಿ ಅದನ್ನು ಹೇಳಲಾಗದು. ಲಿಗಮೆಂಟ್ ಹರಿದರೂ ಒಳಗೆ ರಕ್ತ ಸೋರಿ ಪಾದ ಬಾತುಕೊಳ್ಳುತ್ತದೆ. ಆ ರಕ್ತವೇ ಎರಡು ಮೂರು ದಿನದಲ್ಲಿ ಇಳಿಜಾರು ಹಿಡಿದು ಹಿಮ್ಮಡಿಯವರೆಗೆ, ಕೆಲವೊಮ್ಮೆ ಬೆರಳುಗಳವರೆಗೆ ನೀಲಿಯಾಗಿ ಕಾಣುತ್ತದೆ. ನೋಡಿದವರು ಹೆದರುತ್ತಾರೆ, ಅಷ್ಟೆ.

ಮುರಿತದ ಅನುಮಾನ ಬಗೆಹರಿಸಲು ಕೆನಡಾದ ಒಟ್ಟಾವದ ವೈದ್ಯರು 1992ರಲ್ಲಿ ಒಂದು ಸರಳ ಪರೀಕ್ಷೆ ರೂಪಿಸಿದರು. ಅದಕ್ಕೆ ಬೇಕಾದದ್ದು ಒಂದು ಬೆರಳು ಮತ್ತು ನಾಲ್ಕು ಹೆಜ್ಜೆ. ಪಾದದ ಎರಡೂ ಪಕ್ಕದಲ್ಲಿ ಗುಬುಟಾಗಿ ಕಾಣುವ ಗಂಟುಮೂಳೆಗಳಿವೆಯಲ್ಲ, ಅವುಗಳ ತುದಿಯನ್ನು ಒತ್ತಿ ನೋಡಿ. ಅಲ್ಲಿಂದ ಹಿಂಬದಿಯ ಅಂಚಿನಲ್ಲೇ ಮೇಲಕ್ಕೆ 6 ಸೆಂ.ಮೀ.ವರೆಗೆ, ಅಂದರೆ ಸುಮಾರು ನಾಲ್ಕು ಬೆರಳಗಲ, ಒತ್ತುತ್ತಾ ಹೋಗಿ. ನಂತರ ಪಾದದ ಹೊರ ಅಂಚಿನ ನಡುವೆ, ಕಿರುಬೆರಳಿನ ನೇರದಲ್ಲಿ ಕೈಗೆ ಸಿಗುವ ಉಬ್ಬುಮೂಳೆ. ಕೊನೆಗೆ ಒಳಗಂಟಿನ ಮುಂದೆ, ಪಾದದ ಕಮಾನಿನ ಮೇಲ್ಭಾಗದ ಮೂಳೆ. ಈ ಜಾಗಗಳಲ್ಲಿ ಮೂಳೆಯ ಮೇಲೇ ಒತ್ತಿದಾಗ ಚುಳ್ಳೆಂದರೆ ಎಕ್ಸ್‌ರೇ ಬೇಕು. ಬಿದ್ದ ತಕ್ಷಣವೂ ಆಮೇಲೂ ನಾಲ್ಕು ಹೆಜ್ಜೆ ಊರಲು ಆಗದಿದ್ದರೂ ಬೇಕು. ಕುಂಟಿಕೊಂಡು ನಡೆದರೂ ನಡೆದ ಲೆಕ್ಕವೇ. ಎರಡೂ ಇಲ್ಲದಿದ್ದರೆ ಮುರಿತದ ಸಾಧ್ಯತೆ ತೀರಾ ಕಡಿಮೆ. ಗಂಟಿನ ಮುಂದೆ, ಸ್ವಲ್ಪ ಕೆಳಗೆ, ಮೆತ್ತಗಿರುವ ಗುಂಡಿಯಲ್ಲಿ ನೋವಿದ್ದರೆ ಅದು ಲಿಗಮೆಂಟಿನದು. ಪಾದ ಒಳಕ್ಕೆ ಮಗುಚಿದಾಗ ಮೊದಲು ಹರಿಯುವುದೇ ಅಲ್ಲಿಯ ಲಿಗಮೆಂಟ್.

ಬೆರಳಿಟ್ಟು ನೋಡಿ ಅನುಮಾನ ಉಳಿದರೆ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿ, ಅವರು ಸಾಕು. ಎಕ್ಸ್‌ರೇ ಬೇಕೆಂದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಆಗುತ್ತದೆ. ಮುರಿತ ಕಂಡರೆ ಅಥವಾ ಗಂಟು ಸಡಿಲವಾಗಿದೆ ಎನಿಸಿದರೆ ಅವರೇ ಮೂಳೆ ತಜ್ಞರಿಗೆ ಬರೆದುಕೊಡುತ್ತಾರೆ. ಇದಕ್ಕೆ ಹೊರತಾದ ಸಂದರ್ಭಗಳೂ ಇವೆ. ಪಾದ ಸೊಟ್ಟಗೆ ತಿರುಗಿದ್ದರೆ, ಚರ್ಮ ಹರಿದು ಮೂಳೆ ಕಾಣುತ್ತಿದ್ದರೆ, ಬೆರಳುಗಳು ತಣ್ಣಗಾಗಿ ಜೋಮು ಹಿಡಿದಿದ್ದರೆ 108ಕ್ಕೆ ಕರೆ ಮಾಡಿ. ಹಿಮ್ಮಡಿಯ ಮೇಲೆ ಹಿಂದಿನಿಂದ ಯಾರೋ ಹೊಡೆದ ಹಾಗೆ 'ಟಪ್' ಎಂದು, ತುದಿಗಾಲಲ್ಲಿ ನಿಲ್ಲಲಾಗದಿದ್ದರೆ ಅದು ಉಳುಕಲ್ಲ, ಹಿಮ್ಮಡಿಯ ದಪ್ಪ ನರದಂಥ ಸ್ನಾಯುರಜ್ಜು ಹರಿದದ್ದು. ಅದನ್ನು ಅಂದೇ ತೋರಿಸಬೇಕು. ಬೆಳೆಯುವ ಮಕ್ಕಳಲ್ಲಿ ಲಿಗಮೆಂಟಿಗಿಂತ ಮೂಳೆಯ ಬೆಳವಣಿಗೆಯ ಪದರವೇ ದುರ್ಬಲವಾಗಿರುವುದರಿಂದ ಗಂಟುಮೂಳೆಯ ಮೇಲೆ ನೋವಿದ್ದರೆ ಕಾಯಬೇಡಿ.

ಇನ್ನು ಎಂಆರ್‌ಐ. ಈಗ ಮಾಡಿಸಿದರೆ 'ಲಿಗಮೆಂಟ್ ಹರಿದಿದೆ' ಎಂದು ಬರುತ್ತದೆ. ಅದು ಈಗಲೇ ಗೊತ್ತಿರುವ ಸಂಗತಿ. ಅಲ್ಪಸ್ವಲ್ಪ ಹರಿದಿರಲಿ, ಪೂರ್ತಿ ಹರಿದಿರಲಿ, ಬಹುಪಾಲು ಜನರಿಗೆ ಚಿಕಿತ್ಸೆ ಆಪರೇಷನ್ ಅಲ್ಲ, ವ್ಯಾಯಾಮ. ಆರೆಂಟು ವಾರವಾದರೂ ನೋವು ಬಿಡದಿದ್ದರೆ, ಗಂಟು ಒಳಗೆ ಸಿಕ್ಕಿಹಾಕಿಕೊಂಡಂತಾದರೆ ಆಗ ಯಜಮಾನರ ಮಾತು ನಡೆಯಲಿ.

ನೀವಿಸುವುದು ಮಾತ್ರ ಬೇಡ. ಉಳುಕು ಎಂದರೆ ಜಾಗ ತಪ್ಪಿದ ನರ, ಎಳೆದು ಕೂರಿಸಿದರೆ ಸರಿಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಇಲ್ಲಿ ಜಾಗ ತಪ್ಪಿರುವುದು ಯಾವುದೂ ಇಲ್ಲ, ಹರಿದಿರುವುದಿದೆ. ಮೊದಲ ಎರಡು ಮೂರು ದಿನ ಎಣ್ಣೆ ಹಚ್ಚಿ ತಿಕ್ಕಿ ಎಳೆದರೆ, ಶಾಖ ಕೊಟ್ಟರೆ, ಹರಿದ ಬಟ್ಟೆಯನ್ನು ಕಲ್ಲಿಗೆ ಎತ್ತಿ ಒಗೆದಂತೆಯೇ. ಒಳಗಿನ ರಕ್ತಸ್ರಾವ ಹೆಚ್ಚಾಗುತ್ತದೆ, ಕಾಣದ ಮುರಿತವಿದ್ದರೆ ಮೂಳೆ ಸರಿದು ಹೋಗುತ್ತದೆ. ಪುತ್ತೂರು ಕಟ್ಟಿನ ವಿಷಯ ಸ್ವಲ್ಪ ಬೇರೆ (ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ್ದು). ಮೊಟ್ಟೆಯ ಬಿಳಿ, ಸೊಪ್ಪಿನ ಲೇಪ, ಬಿದಿರ ದಬ್ಬೆ ಇಟ್ಟು ಕಟ್ಟುವುದರಿಂದ ಕಾಲಿಗೆ ಆಸರೆ ಸಿಗುತ್ತದೆ, ನೋವೂ ತಗ್ಗುತ್ತದೆ. ಹಾಗಾಗಿ ಹೊಗಳುವವರು ಸುಳ್ಳು ಹೇಳುತ್ತಿಲ್ಲ. ಆದರೆ ಊತ ಏರುತ್ತಿರುವಾಗ ಬಿಚ್ಚಲಾಗದ ಬಿಗಿಕಟ್ಟು ರಕ್ತ ಸಂಚಾರಕ್ಕೆ ಅಡ್ಡಿ. ಅದಕ್ಕಿಂತ ಹೆಚ್ಚಾಗಿ, ಉಳುಕಿಗೆ ವಾರಗಟ್ಟಲೆ ಅಲುಗಾಡದ ಕಟ್ಟೇ ಬೇಕಿಲ್ಲ.

ಬೇಕಾದದ್ದು 10 ಸೆಂ.ಮೀ. ಅಗಲದ ಕ್ರೇಪ್ ಬ್ಯಾಂಡೇಜು. ಬೆರಳುಗಳ ಬುಡದಿಂದ ಶುರುಮಾಡಿ, ಪಾದದ ಮೇಲೂ ಗಂಟಿನ ಹಿಂದೂ 8ರ ಆಕಾರದಲ್ಲಿ ಸುತ್ತುತ್ತಾ, ಪ್ರತಿ ಸುತ್ತೂ ಹಿಂದಿನದನ್ನು ಅರ್ಧ ಮುಚ್ಚುವಂತೆ ಮೇಲೆ ತನ್ನಿ. ಹೆಬ್ಬೆರಳಿನ ಉಗುರು ಒತ್ತಿ ಬಿಟ್ಟಾಗ ತಕ್ಷಣ ಕೆಂಪಾಗಬೇಕು, ಇಲ್ಲದಿದ್ದರೆ ಬಿಗಿಯಾಗಿದೆ ಎಂದರ್ಥ. ಮಲಗುವಾಗ ಬಿಚ್ಚಿ, ಕಾಲನ್ನು ದಿಂಬಿನ ಮೇಲೆ ಎದೆಗಿಂತ ಎತ್ತರಕ್ಕೆ ಇಡಿ. ಐಸನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ, ಎರಡು ಮೂರು ಗಂಟೆಗೊಮ್ಮೆ ಇಡಿ. ಐಸು, ಕಟ್ಟು, ವಿಶ್ರಾಂತಿಯ ಈ ಸೂತ್ರವನ್ನು 1978ರಲ್ಲಿ ಹೇಳಿಕೊಟ್ಟ ಅಮೆರಿಕದ ಡಾ. ಗೇಬ್ ಮರ್ಕಿನ್, ಐಸು ಮಾಯುವಿಕೆಯನ್ನು ನಿಧಾನ ಮಾಡಬಹುದೆಂದು ಮುಂದೆ ತಾವೇ ಹೇಳಿದರು. ಹಾಗಾಗಿ ನಾನು ಅದನ್ನು ಮೊದಲ ಎರಡು ದಿನದ ನೋವು ತಗ್ಗಿಸಲು ಹೇಳುತ್ತೇನೆಯೇ ಹೊರತು ವಾರಗಟ್ಟಲೆ ಅಲ್ಲ. ನೋವಿಗೆ ಪ್ಯಾರಸಿಟಮಾಲ್ ಸಾಕು. ಡೈಕ್ಲೋಫೆನಾಕ್, ಐಬುಪ್ರೊಫೇನ್ ಗುಳಿಗೆಗಳನ್ನು ಮೂತ್ರಪಿಂಡದ ತೊಂದರೆ, ಹೊಟ್ಟೆ ಹುಣ್ಣು, ಬಿ.ಪಿ. ಇರುವವರು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ನುಂಗಬಾರದು.

ಮೂರನೇ ದಿನದಿಂದ ಕಾಲಿಗೆ ಕೆಲಸ ಕೊಡಿ. ಕುರ್ಚಿಯಲ್ಲಿ ಕೂತು ಹೆಬ್ಬೆರಳಿನಿಂದ ಗಾಳಿಯಲ್ಲಿ ಅ ಆ ಇ ಈ ಬರೆಯಿರಿ. ಶಿಕ್ಷಕಿಗೆ ಇದನ್ನು ಹೇಳಿಕೊಡಬೇಕಿಲ್ಲ. ನೋವು ತಡೆಯುವಷ್ಟು ಭಾರ ಹಾಕಿ ನಡೆಯಿರಿ. ವಾರದ ನಂತರ ಎರಡು ಬಾರಿಯಾದರೂ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ ವ್ಯಾಯಾಮ ಕಲಿತು ಬನ್ನಿ. ನಮ್ಮಲ್ಲಿ ಸ್ಕ್ಯಾನಿಂಗಿಗೆ ಸಾವಿರಾರು ರೂಪಾಯಿ ಕೊಡುವವರು ಇದಕ್ಕೆ ನೂರು ಕೊಡಲು ಹಿಂದೆಮುಂದೆ ನೋಡುತ್ತಾರೆ. ಮೆಟ್ಟಿಲು, ತರಗತಿ ಎಲ್ಲಕ್ಕೂ ಮೂರರಿಂದ ಆರು ವಾರ ಹಿಡಿಯಬಹುದು.

ಪ್ರಶ್ನೆ: ತಂದೆಗೆ 66 ವರ್ಷ, 15 ವರ್ಷದಿಂದ ಸಕ್ಕರೆ ಕಾಯಿಲೆ. ತಿಂಗಳ ಹಿಂದೆ ಗದ್ದೆ ಬದುವಿನಲ್ಲಿ ಕಾಲು ಉಳುಕಿತ್ತು. ನೋವಿಲ್ಲವೆಂದು ಓಡಾಡಿಕೊಂಡಿದ್ದಾರೆ, ಆದರೆ ಊತ ಇಳಿದಿಲ್ಲ, ಪಾದ ಬಿಸಿಯಾಗಿದೆ. ಕ್ರೇಪ್ ಬ್ಯಾಂಡೇಜು ಮುಂದುವರಿಸಬಹುದೇ?
– ಓದುಗರು, ಮಂಡ್ಯ

ಉತ್ತರ: ಇಲ್ಲ. ಇಂದೇ ಅವರ ಓಡಾಟ ನಿಲ್ಲಿಸಿ. ಮೇಲೆ ಹೇಳಿದ ಬೆರಳಿನ ಪರೀಕ್ಷೆ ನಿಮ್ಮ ತಂದೆಗೆ ಸಲ್ಲದು. ಸಕ್ಕರೆ ಕಾಯಿಲೆಯಲ್ಲಿ ಪಾದದ ನರಗಳು ಸ್ಪರ್ಶ ಕಳೆದುಕೊಂಡಿದ್ದರೆ ಮುರಿದ ಮೂಳೆಯ ಮೇಲೂ ನಡೆದುಬಿಡುತ್ತಾರೆ. ಅಂಗೈಯ ಹಿಂಬದಿಯನ್ನು ಎರಡೂ ಪಾದಗಳಿಗೆ ಮುಟ್ಟಿಸಿ ನೋಡಿ. ಒಂದು ಸ್ಪಷ್ಟವಾಗಿ ಬಿಸಿಯಿದ್ದು, ಕೆಂಪಗಿದ್ದು, ನೋವಿಲ್ಲದೆ ಊದಿದ್ದರೆ ಅದು ಶಾರ್ಕೋ ಪಾದ ಆಗಿರಬಹುದು. ಹಾಗೇ ನಡೆದಾಡುತ್ತಿದ್ದರೆ ಪಾದದ ಕಮಾನು ಕುಸಿದು, ಅಂಗಾಲಿನಲ್ಲಿ ಹುಣ್ಣಾಗಿ, ಕಾಲು ಉಳಿಸಿಕೊಳ್ಳುವುದೇ ಕಷ್ಟವಾಗುತ್ತದೆ. ಆರಂಭದಲ್ಲಿ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು. ಇಲ್ಲಿ ಎಂಆರ್‌ಐ ದುಂದಲ್ಲ. ಮೂಳೆ ತಜ್ಞರು ಅಥವಾ ಮಧುಮೇಹಿ ಪಾದ ಚಿಕಿತ್ಸೆ ಇರುವ ಜಿಲ್ಲಾ ಆಸ್ಪತ್ರೆ, ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಕರೆದೊಯ್ಯಿರಿ. ವಿಶೇಷ ಪ್ಲಾಸ್ಟರ್ ತಿಂಗಳುಗಟ್ಟಲೆ ಬೇಕಾಗಬಹುದು. ಕೀವೂ ಗೌಟೂ ಹೀಗೇ ಕಾಣುವುದರಿಂದ ರಕ್ತ ಪರೀಕ್ಷೆಯನ್ನೂ ಮಾಡುತ್ತಾರೆ.

ಪ್ರಶ್ನೆ: ನಾನು ಕಾಲೇಜು ಕಬಡ್ಡಿ ತಂಡದ ರೈಡರ್. ಒಂದೇ ವರ್ಷದಲ್ಲಿ ಎಡಗಾಲು ಮೂರು ಸಲ ಉಳುಕಿದೆ. ಲಿಗಮೆಂಟ್ ಆಪರೇಷನ್ ಮಾಡಿಸಿದರೆ ಕಾಯಂ ಸರಿಹೋಗುತ್ತದೆಯೇ?
– ಓದುಗ, ಬಾಗಲಕೋಟೆ

ಉತ್ತರ: ಮೊದಲ ಉಳುಕಿನ ನಂತರ ಎಷ್ಟು ದಿನ ವ್ಯಾಯಾಮ ಮಾಡಿದಿರಿ ಎಂದು ನೀವು ಬರೆದಿಲ್ಲ. ಬಹುಶಃ ನೋವು ಹೋದ ದಿನವೇ ಅಂಕಣಕ್ಕೆ ಇಳಿದಿದ್ದೀರಿ. ಲಿಗಮೆಂಟಿನಲ್ಲಿ ಪಾದ ಯಾವ ಕೋನದಲ್ಲಿದೆ ಎಂದು ಮೆದುಳಿಗೆ ತಿಳಿಸುವ ನರತುದಿಗಳಿವೆ. ಹರಿದಾಗ ಅವೂ ಕೆಡುತ್ತವೆ. ನೋವು ಹೋದರೂ ಸುದ್ದಿ ತಡವಾಗಿ ಮುಟ್ಟುತ್ತದೆ, ಅಷ್ಟರಲ್ಲಿ ಪಾದ ಮತ್ತೆ ಮಗುಚಿರುತ್ತದೆ. ದಿನಾ ಹಲ್ಲುಜ್ಜುವಾಗ ಎಡಗಾಲಿನ ಮೇಲೇ ನಿಲ್ಲಿ; ಅಭ್ಯಾಸವಾದ ಮೇಲೆ ಕಣ್ಣು ಮುಚ್ಚಿ, ಆಮೇಲೆ ಮಡಚಿದ ಕಂಬಳಿಯ ಮೇಲೆ. ಹಳೇ ಸೈಕಲ್ ಟ್ಯೂಬನ್ನು ಮಂಚದ ಕಾಲಿಗೆ ಕಟ್ಟಿ ಪಾದವನ್ನು ಹೊರಕ್ಕೆ ಎಳೆಯಿರಿ. ಒಂಟಿಕಾಲಿನಲ್ಲಿ ಹಿಮ್ಮಡಿ ಎತ್ತಿ ಇಳಿಸಿ. ಮೂರು ತಿಂಗಳು ಬಿಡದೆ ಮಾಡಿ, ಆಡುವಾಗ ಲೇಸ್ ಇರುವ ಆಂಕಲ್ ಬ್ರೇಸ್ ಹಾಕಿ. ಅಷ್ಟಾದರೂ ಗಂಟು ಜಾರಿದರೆ ಮೂಳೆ ತಜ್ಞರು ಎಂಆರ್‌ಐ ನೋಡಿ ಲಿಗಮೆಂಟ್ ಹೊಲಿಯುವ ಮಾತಾಡಬಹುದು. ಆಪರೇಷನ್ ಆದರೂ ಮಾಡಬೇಕಾದದ್ದು ಇದೇ ವ್ಯಾಯಾಮ. ಮತ್ತೆ ರೈಡಿಗೆ ಹೋಗುವ ಮುನ್ನ ಎಡಗಾಲೊಂದರಲ್ಲೇ ಕುಂಟಾಬಿಲ್ಲೆ ಆಡಿದಂತೆ ಹತ್ತು ಸಲ ಮುಂದಕ್ಕೆ, ಹತ್ತು ಸಲ ಪಕ್ಕಕ್ಕೆ ನೆಗೆದು ನೋಡಿ. ಬಲಗಾಲಿನಷ್ಟೇ ದೂರ, ಅಷ್ಟೇ ಧೈರ್ಯದಿಂದ ನೆಗೆಯಲು ಆಗದಿದ್ದರೆ ಆ ಪಂದ್ಯ ಬಿಡಿ.