ಬಿಲ್ಲಿನಲ್ಲಿ ಒಂಬತ್ತು ಸಲ ಬಂದ ಒಂದು ಪರೀಕ್ಷೆ



ಕಳೆದ ಸಭೆಯಲ್ಲಿ ವೈದ್ಯಕೀಯ ನೆರವು ನಿಧಿಯ ಲೆಕ್ಕ ಓದುತ್ತಿದ್ದಾಗ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, "ಒಬ್ಬ ಹುಡುಗನಿಗೆ ಒಂದೇ ರಕ್ತಪರೀಕ್ಷೆ ಒಂಬತ್ತು ಸಲ ಮಾಡಿದ್ದಾರಲ್ಲ, ಇದೇನು ದುಡ್ಡು ಮಾಡುವ ದಾರಿಯೇ?" ಎಂದು ಕೇಳಿದರು. ಕೇಳಿದ್ದು ತಪ್ಪಲ್ಲ. ಕೊಟ್ಟ ಹಣಕ್ಕೆ ಲೆಕ್ಕ ಕೇಳುವುದು ದಾನಿಗಳ ಹಕ್ಕು. ಆದರೆ ನಾನು ಆ ಪರೀಕ್ಷೆಯ ಯಂತ್ರದ ಮುಂದೆಯೇ ಇಪ್ಪತ್ತಾರು ವರ್ಷ ಕೂತು ನಿವೃತ್ತನಾದ ಲ್ಯಾಬ್ ಟೆಕ್ನಿಷಿಯನ್. ಅವತ್ತು ಊಟಕ್ಕೆ ಎಲೆ ಹಾಕಿಯಾಗಿತ್ತು, ಮಾತು ಅಲ್ಲಿಗೇ ನಿಂತಿತು. ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಹುಡುಗ ಕೊಳ್ಳೇಗಾಲದ ಕಡೆಯವನು, ವಯಸ್ಸು ಇಪ್ಪತ್ತನಾಲ್ಕು. ಪಲ್ಲಾವರಂ ಹತ್ತಿರದ ಒಂದು ಗಿಡಗಳ ನರ್ಸರಿಯಲ್ಲಿ ಕೆಲಸ. ಶುಕ್ರವಾರದ ಸಂತೆಗೆ ಗಿಡ ತರುವ ತಳ್ಳುಗಾಡಿಯಲ್ಲಿ ನಿಮ್ಮಲ್ಲಿ ಕೆಲವರು ಅವನನ್ನು ನೋಡಿರಲೂಬಹುದು. ಒಂದು ಸಂಜೆ ಬಾಯಾರಿ, ಶೆಡ್ಡಿನ ಮೂಲೆಯಲ್ಲಿದ್ದ ನೀರಿನ ಬಾಟಲಿ ಎತ್ತಿ ಕುಡಿದ. ಅದರಲ್ಲಿದ್ದದ್ದು ನೀರಲ್ಲ. ದೊಡ್ಡ ಡಬ್ಬಿಯಿಂದ ಯಾರೋ ಬಗ್ಗಿಸಿಟ್ಟಿದ್ದ ಕೀಟನಾಶಕ, ಆರ್ಗನೊಫಾಸ್ಫೇಟ್ ಗುಂಪಿನದು. ನಮ್ಮ ಊರುಗಳಲ್ಲಿ ಅದಕ್ಕೆ 'ಔಷಧಿ' ಎನ್ನುತ್ತೇವೆ, ಇಲ್ಲಿ ತಮಿಳಿನಲ್ಲಿ 'ಮರುಂದು'. ಎರಡು ಭಾಷೆಯೂ ವಿಷಕ್ಕೆ ಮದ್ದಿನ ಹೆಸರನ್ನೇ ಇಟ್ಟಿವೆ!

ಈ ವಿಷ ದೇಹದಲ್ಲಿ ಮಾಡುವುದು ಒಂದೇ ಕೆಲಸ. ನರದಿಂದ ಸ್ನಾಯುವಿಗೆ, ಗ್ರಂಥಿಗೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವಿದೆ. ಸಂದೇಶ ತಲುಪಿದ ಕೂಡಲೇ ಅದನ್ನು ಒಡೆದು ಹಾಕುವ ಒಂದು ಕಿಣ್ವವೂ ಇದೆ. ಕೀಟನಾಶಕ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಆಮೇಲೆ ಸಂದೇಶ ನಿಲ್ಲುವುದೇ ಇಲ್ಲ. ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ವಾಂತಿ, ಭೇದಿ, ಸಾಸಿವೆ ಕಾಳಿನಷ್ಟಾದ ಕಣ್ಣಿನ ಪಾಪೆ, ಚರ್ಮದಡಿ ಹುಳು ಹರಿದಂತೆ ಸ್ನಾಯುಗಳ ಅದುರು. ಪ್ರಾಣಕ್ಕೆ ಸಂಚಕಾರ ತರುವುದು ಉಸಿರಿನ ತೊಂದರೆ. ಶ್ವಾಸನಾಳಗಳಲ್ಲಿ ನೀರು ತುಂಬುತ್ತದೆ, ಜೊತೆಗೆ ಉಸಿರಾಡಿಸುವ ಸ್ನಾಯುಗಳು ಸೋತು ಬೀಳುತ್ತವೆ. ಬಾವಿಗೆ ಬೀಳದೆಯೇ ಮನುಷ್ಯ ಮುಳುಗುತ್ತಾನೆ.

ರಕ್ತ ಆಮ್ಲವಾಗುವುದು ಇಲ್ಲಿಂದ. ನಾವು ಹೊರಬಿಡುವ ಇಂಗಾಲದ ಡೈಆಕ್ಸೈಡ್ ಒಳಗೇ ಉಳಿದರೆ ರಕ್ತದ ನೀರಿನೊಂದಿಗೆ ಸೇರಿ ಕಾರ್ಬಾನಿಕ್ ಆಮ್ಲವಾಗುತ್ತದೆ. ಇದು ಉಸಿರಿನ ಬಾಗಿಲಿನಿಂದ ಬರುವ ಆಮ್ಲ. ಇನ್ನೊಂದು ಬಾಗಿಲೂ ಇದೆ. ಆಮ್ಲಜನಕ ಸಾಲದಾದಾಗ, ರಕ್ತದೊತ್ತಡ ಕುಸಿದಾಗ, ಫಿಟ್ಸ್ ಬಂದಾಗ ಜೀವಕೋಶಗಳು ಲ್ಯಾಕ್ಟಿಕ್ ಆಮ್ಲ ತಯಾರಿಸುತ್ತವೆ. ಎರಡೂ ಬಾಗಿಲು ಒಟ್ಟಿಗೆ ತೆರೆದುಕೊಂಡ ರೋಗಿಯ ಬಗ್ಗೆ ವೈದ್ಯರಿಗೆ ಎಲ್ಲಕ್ಕಿಂತ ಹೆಚ್ಚು ಭಯ.

ಎಬಿಜಿ ಎಂಬ ಪರೀಕ್ಷೆ ಈ ಎರಡನ್ನೂ ಬೇರೆಬೇರೆಯಾಗಿ ತೋರಿಸುತ್ತದೆ. ಮಣಿಕಟ್ಟಿನಲ್ಲಿ ನಾಡಿ ಬಡಿಯುವ ಅಪಧಮನಿಯಿಂದ ಒಂದೆರಡು ಎಂ.ಎಲ್. ರಕ್ತ ತೆಗೆದು ಯಂತ್ರಕ್ಕೆ ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ಚೀಟಿ ಬರುತ್ತದೆ. ಆರೋಗ್ಯವಂತರ ರಕ್ತದ ಪಿಎಚ್ 7.35ರಿಂದ 7.45. ಹುಡುಗನ ಮೊದಲ ಚೀಟಿಯಲ್ಲಿ 7.08 ಇತ್ತು. 'ಏಳು ಎಲ್ಲಿ, ಏಳೂವರೆ ಎಲ್ಲಿ, ಏನು ಮಹಾ ವ್ಯತ್ಯಾಸ' ಅನ್ನಿಸಬಹುದು. ಆದರೆ ಪಿಎಚ್ ನಮ್ಮ ಅಳತೆಗೋಲಿನಂತಲ್ಲ. 0.3 ಇಳಿದರೆ ಆಮ್ಲದ ಪ್ರಮಾಣ ಎರಡು ಪಟ್ಟಾಗುತ್ತದೆ. 7.40ರಲ್ಲಿ ಲೀಟರಿಗೆ 40 ನ್ಯಾನೊಮೋಲ್ ಹೈಡ್ರೊಜನ್ ಅಯಾನುಗಳಿದ್ದರೆ 7.08ರಲ್ಲಿ ಸುಮಾರು 83. ಇಂಗಾಲದ ಡೈಆಕ್ಸೈಡ್ 45 ಮೀರಬಾರದು, ಅವನಿಗೆ 68 ಇತ್ತು. ಬೈಕಾರ್ಬನೇಟ್ 22ಕ್ಕಿಂತ ಕೆಳಗೆ ಇಳಿದಿತ್ತು. ಅಂದರೆ ಎರಡು ಬಾಗಿಲೂ ತೆರೆದಿದ್ದವು. ಸಂಘದ ಪರವಾಗಿ ಆಸ್ಪತ್ರೆಗೆ ಹೋಗಿದ್ದ ನಾನು ಆ ಚೀಟಿ ನೋಡಿ, ಅವನ ಅಕ್ಕನಿಗೆ ಏನು ಹೇಳುವುದೆಂದು ತಿಳಿಯದೆ, ಕಾಫಿ ತರುತ್ತೇನೆ ಎಂದು ಕೆಳಗಿಳಿದು ಹೋದೆ.

ತೈವಾನಿನ ವೈದ್ಯರು 2008ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದನ್ನೇ ಹೇಳುತ್ತದೆ. ಇಂಥ ವಿಷ ಸೇವಿಸಿ ಬಂದವರಲ್ಲಿ, ಬಂದ ಹೊತ್ತಿಗೆ ರಕ್ತ ಆಮ್ಲವಾಗಿರದಿದ್ದವರು ಬದುಕುವ ಸಾಧ್ಯತೆ ಹೆಚ್ಚು. ಆಮ್ಲವಾಗಿದ್ದವರಲ್ಲಿ ಸಾವು ಹೆಚ್ಚು. ಹಾಗಾದರೆ ಆಮ್ಲಕ್ಕೆ ಎದುರಾಗಿ ಕ್ಷಾರ ಹಾಕಿಬಿಟ್ಟರೆ ಆಯಿತಲ್ಲ? ಸೋಡಿಯಂ ಬೈಕಾರ್ಬನೇಟ್ ಎಂದರೆ ನಮ್ಮ ಅಡುಗೆ ಸೋಡಾವೇ. ಅದನ್ನೂ ಪ್ರಯತ್ನಿಸಿದ್ದಾರೆ. ಆದರೆ 2005ರ ಕಾಕ್ರೇನ್ ವಿಮರ್ಶೆ ಅದಕ್ಕೆ ಸಾಕಷ್ಟು ಆಧಾರವಿಲ್ಲ ಎಂದಿತು. ಆಮ್ಲತೆ ಹೊಗೆ ಇದ್ದಂತೆ. ಬೆಂಕಿ ಇರುವುದು ಶ್ವಾಸಕೋಶದಲ್ಲಿ. ಶ್ವಾಸನಾಳಕ್ಕೆ ಟ್ಯೂಬ್ ಹಾಕಿ, ವೆಂಟಿಲೇಟರಿಗೆ ಜೋಡಿಸಿ, ಅಟ್ರೊಪಿನ್ ಕೊಟ್ಟರೆ ಪಿಎಚ್ ತಾನಾಗಿ ಏರುತ್ತದೆ. ಅಟ್ರೊಪಿನ್ ಅಗ್ಗದ ಔಷಧ. ಆದರೆ ಒಂದು ಆಂಪ್ಯೂಲಿನಲ್ಲಿ ಇರುವುದು 0.6 ಮಿ.ಗ್ರಾಂ. ಮೊದಲ ಡೋಸಿಗೇ ಮೂರರಿಂದ ಐದು ಆಂಪ್ಯೂಲ್ ಬೇಕು, ಎದೆಯ ಗೊರಗೊರ ನಿಲ್ಲುವವರೆಗೆ ಐದೈದು ನಿಮಿಷಕ್ಕೆ ದುಪ್ಪಟ್ಟು. ಬಿಲ್ಲಿನಲ್ಲಿ ಅಟ್ರೊಪಿನ್ ಸಾಲು ಅಷ್ಟು ಉದ್ದವಿದ್ದದ್ದು ಅದಕ್ಕೇ.

ಎರಡು ಗಂಟೆಯ ನಂತರ 7.21. ಮರುದಿನ ಬೆಳಿಗ್ಗೆ 7.34. ಟ್ಯೂಬ್ ತೆಗೆದರು. ಅಕ್ಕ ಮಾದಪ್ಪನಿಗೆ ಹರಕೆ ಹೊತ್ತಳು. ಮೂರನೆಯ ದಿನ ಸಂಜೆ ನರ್ಸ್ ಬಂದು, "ದಿಂಬಿನಿಂದ ತಲೆ ಎತ್ತಪ್ಪಾ" ಎಂದರೆ ಅವನಿಂದ ಆಗಲಿಲ್ಲ. ಹೀಗೂ ಆಗುತ್ತದೆಂದು 1987ರಲ್ಲಿ ಶ್ರೀಲಂಕಾದ ವೈದ್ಯರಾದ ಸೇನಾನಾಯಕೆ ಮತ್ತು ಕರಲ್ಲಿಯೆದ್ದೆ ವಿವರಿಸಿ ಬರೆದಿದ್ದಾರೆ. ಮೊದಲ ಹೊಡೆತದಿಂದ ಚೇತರಿಸಿಕೊಂಡವರಿಗೂ ಒಂದರಿಂದ ನಾಲ್ಕು ದಿನಗಳೊಳಗೆ ಕುತ್ತಿಗೆ, ತೋಳು, ಉಸಿರಿನ ಸ್ನಾಯುಗಳು ಮತ್ತೆ ಸೋಲಬಹುದು. ಮತ್ತೆ ಎಬಿಜಿ ಮಾಡಿದರು. ಇಂಗಾಲದ ಡೈಆಕ್ಸೈಡ್ ಏರುತ್ತಿತ್ತು, ಪಿಎಚ್ 7.28. ಮತ್ತೆ ಟ್ಯೂಬ್, ಮತ್ತೆ ವೆಂಟಿಲೇಟರ್, ಇನ್ನೂ ಎಂಟು ದಿನ. ಈ ಪರೀಕ್ಷೆಯನ್ನು ಒಂದೇ ಸಲ ಮಾಡಿ ಬಿಟ್ಟಿದ್ದರೆ ಮೂರನೆಯ ರಾತ್ರಿ ಏನಾಗುತ್ತಿತ್ತು ಎಂದು ಬರೆಯಲು ಕೈ ಬರುವುದಿಲ್ಲ. ಒಂಬತ್ತು ಸಲ ಜಾಸ್ತಿಯಲ್ಲ.

2018ರ ಡಿಸೆಂಬರ್ 14 ನಮ್ಮಲ್ಲಿ ಚಾಮರಾಜನಗರ ಜಿಲ್ಲೆಯವರಿಗೆ ಮರೆಯುವಂಥದ್ದಲ್ಲ. ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಪ್ರಸಾದಕ್ಕೆ ಮೊನೊಕ್ರೊಟೊಫಾಸ್ ಬೆರೆತು 17 ಜನ ಸತ್ತರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ವೆಂಟಿಲೇಟರಿಗಾಗಿ ಅವರನ್ನು ಮೈಸೂರಿನವರೆಗೆ ಸಾಗಿಸಬೇಕಾಯಿತು. ಉಸಿರು ಕಟ್ಟುತ್ತಿರುವವರಿಗೆ ನೂರು ಕಿಲೋಮೀಟರ್ ಮೀರಿದ ದಾರಿ ಎಂದರೇನು ಎಂಬುದು ಪಿಎಚ್ ಲೆಕ್ಕ ಗೊತ್ತಿದ್ದವರಿಗೆ ಅರ್ಥವಾಗುತ್ತದೆ. 2013ರಲ್ಲಿ ಬಿಹಾರದ ಶಾಲೆಯೊಂದರ ಬಿಸಿಯೂಟದಲ್ಲಿ 23 ಮಕ್ಕಳು ಸತ್ತದ್ದೂ ಇದೇ ವಿಷದಿಂದ.

ಟೆರೇಸಿನಲ್ಲಿ ಗಿಡ ಬೆಳೆಸುವ ಸದಸ್ಯರಿಗೆ ಒಂದು ಮಾತು. ಲೀಟರ್ ಡಬ್ಬಿ ತಂದು ನಾಲ್ಕು ಮನೆಯವರು ಬಿಸ್ಲೇರಿ ಬಾಟಲಿಗಳಲ್ಲಿ ಹಂಚಿಕೊಳ್ಳುವುದನ್ನು ದಯವಿಟ್ಟು ನಿಲ್ಲಿಸಿ. ಕೀಟನಾಶಕ ಮೂಲ ಡಬ್ಬಿಯಲ್ಲೇ, ಬೀಗದೊಳಗೆ ಇರಲಿ. ಲೇಬಲ್ಲಿನ ತ್ರಿಕೋನ ಕೆಂಪಾಗಿದ್ದರೆ ಅದು ಅತ್ಯಂತ ವಿಷಕಾರಿ, ಮನೆಗೆ ತರಲೇಬೇಡಿ. ಅನಾಹುತವಾದರೆ ಉಪ್ಪುನೀರು, ಹುಣಸೆನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಎಡಮಗ್ಗುಲಿಗೆ ಮಲಗಿಸಿ, ಕೈಗೆ ಕವಚ ಹಾಕಿಕೊಂಡು ಒದ್ದೆ ಬಟ್ಟೆ ಬಿಚ್ಚಿ, ಮೈಯನ್ನು ಸೋಪು ನೀರಿನಲ್ಲಿ ತೊಳೆದು 108ಕ್ಕೆ ಕರೆ ಮಾಡಿ. ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. ಬೇಸರದಿಂದ ಡಬ್ಬಿಯತ್ತ ಕೈ ಚಾಚುವವರೂ ನಮ್ಮ ನಡುವೆ ಇದ್ದಾರೆ; ಅಂಥವರು, ಅವರ ಮನೆಯವರು 14416ಕ್ಕೆ ಫೋನ್ ಮಾಡಬಹುದು. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ.

ಹುಡುಗ ಈಗ ಅಕ್ಕನ ಮನೆಯಲ್ಲಿದ್ದಾನೆ. ಗೋಡೆ ಹಿಡಿದು ನಡೆಯುತ್ತಾನೆ, ಮಾತು ಇನ್ನೂ ಗೊಗ್ಗರು. ರೇಷನ್ ಕಾರ್ಡು ಊರಿನದು, ಇಲ್ಲಿಯ ವಿಮೆಗೆ ಬೇಕಾದ ಕಾಗದ ಅವನ ಹತ್ತಿರ ಇರಲಿಲ್ಲ. ಹೀಗಾಗಿ ಬಿಲ್ಲಿನ ಅರ್ಧ ನಮ್ಮ ನಿಧಿಯಿಂದ ಹೋಗಿದೆ, ಉಳಿದದ್ದಕ್ಕೆ ಅಕ್ಕ ಬಳೆ ಅಡವಿಟ್ಟಿದ್ದಾಳೆ. ಫಿಸಿಯೋಥೆರಪಿ ಇನ್ನೂ ಎರಡು ತಿಂಗಳು ಬೇಕು. ಆ ಬಳೆ ಬಿಡಿಸಲು, ಫಿಸಿಯೋಥೆರಪಿಯ ಖರ್ಚಿಗೆ ನಿಮ್ಮಿಂದ ಆದಷ್ಟು ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಒಂಬತ್ತು ಚೀಟಿಗಳೂ ಬಿಲ್ಲಿನ ಪ್ರತಿಯೂ ಸಂಘದ ಕಚೇರಿಯ ಫೈಲಿನಲ್ಲಿವೆ. ಭಾನುವಾರ ಬೆಳಿಗ್ಗೆ ನಾನು ಅಲ್ಲೇ ಇರುತ್ತೇನೆ, ಬಂದು ನೋಡಿ.