ಕೆರೆಯ ದೋಣಿಗೆ ಮೋಟಾರನ್ನು ಭದ್ರವಾಗಿ ಕೂಡಿಸುವ ಕ್ರಮ

ಕೆರೆಗಳಲ್ಲಿಯೂ ಜಲಾಶಯಗಳ ಹಿನ್ನೀರಿನಲ್ಲಿಯೂ ಮೀನು ಹಿಡಿಯುವವರು ಬಲೆ ಬಿಡುವುದಕ್ಕೂ ಮೀನಿಗೆ ಆಹಾರ ಹಾಕುವುದಕ್ಕೂ ಬಹುಕಾಲದಿಂದ ಹುಟ್ಟು ಹಾಕುವ ದೋಣಿಯನ್ನೇ ನಂಬಿಕೊಂಡಿರುವರು. ಈಚೆಗೆ ಅನುಕೂಲವುಳ್ಳ ಕೆಲವು ಜಮೀನುದಾರರು ಬ್ಯಾಟರಿಯಿಂದ ನಡೆಯುವ ಸಣ್ಣ ಮೋಟಾರನ್ನು ದೋಣಿಯ ಹಿಂಬದಿಗೆ ಸಿಕ್ಕಿಸಿಕೊಳ್ಳುತ್ತಿರುವರು. ಇದಕ್ಕೆ ಟ್ರೋಲಿಂಗ್ ಮೋಟಾರೆಂದು ಹೆಸರು. ಸದ್ದು ಕಡಿಮೆ, ಎಣ್ಣೆಯ ಖರ್ಚಿಲ್ಲ. ಆದರೆ ಮೋಟಾರನ್ನು ಕೊಳ್ಳುವಾಗ ತೋರುವ ಎಚ್ಚರವನ್ನು ಅದನ್ನು ಕೂಡಿಸುವಾಗ ತೋರುವವರು ವಿರಳ.

ಮೋಟಾರಿನ ತೂಕವನ್ನು ಹೊತ್ತರೆ ಹಲಗೆಯ ಕೆಲಸ ಮುಗಿಯಿತೆಂದು ಅನೇಕರು ಭಾವಿಸಿರುವರು. ಇದು ತಪ್ಪು. ಹಾರೆಯಿಂದ ಬಂಡೆಯನ್ನು ಮೀಟುವ ರೈತನಿಗೆ ಇದರ ಮರ್ಮವನ್ನು ಹೇಳಿಕೊಡಬೇಕಾದುದಿಲ್ಲ. ಮೋಟಾರಿನ ರೆಕ್ಕೆಯು ನೀರಿನೊಳಗೆ, ಹಲಗೆಯನ್ನು ಕಚ್ಚಿರುವ ಕ್ಲ್ಯಾಂಪಿಗಿಂತ ಸುಮಾರು ಎರಡೂವರೆ ಅಡಿ ಕೆಳಗೆ ತಿರುಗುವುದು. ಕ್ಲ್ಯಾಂಪಿನ ಹಿಡಿತವಾದರೋ ಅರ್ಧ ಅಡಿಯಷ್ಟು ಮಾತ್ರ. 55 ಪೌಂಡಿನ ಮೋಟಾರು ದೋಣಿಯನ್ನು ಸುಮಾರು 25 ಕಿಲೋ ಭಾರದಷ್ಟು ಬಲದಿಂದ ನೂಕುವುದು. ಅಷ್ಟು ಬಲವೇ ಹಿಡಿತದ ಸ್ಥಳದಲ್ಲಿ ಐದು ಪಾಲಾಗಿ, ಎಂದರೆ 125 ಕಿಲೋದಷ್ಟಾಗಿ, ಹಲಗೆಯನ್ನು ಹಿಂದಕ್ಕೆ ಕೀಳಲು ನೋಡುವುದು. ನಡುವೆ ಮುಳುಗಿದ ಮೋಟೊಂದು ತಗುಲಿದರೆ ಆ ಪೆಟ್ಟಿಗೆ ಲೆಕ್ಕವಿಲ್ಲ.

ಈ ವಿಷಯದಲ್ಲಿ ನಾನೂ ಒಮ್ಮೆ ತಪ್ಪಿದವನೇ. ಒಂದು ಗ್ರಾಮದ ಜಮೀನುದಾರರು ಹಳೆಯ ಮಾವಿನ ಹಲಗೆಗೆ ಮೋಟಾರನ್ನು ಬಿಗಿಸಿ ನನ್ನನ್ನು ಕರೆದು ತೋರಿಸಿದರು. ನಾನು ಕೈಯಿಂದ ಅಲುಗಾಡಿಸಿ ನೋಡಿ, ಸಾಕೆಂದು ಹೇಳಿ ಬಂದೆನು. ಅದೇ ದಿನ ಮಧ್ಯಾಹ್ನ ನಡುಗೆರೆಯಲ್ಲಿ ಜಾಲಿಯ ಮೋಟು ತಗುಲಿ ಹಲಗೆ ಸೀಳಿ, ಮೋಟಾರು ನೀರಿಗೆ ಬಿದ್ದು ತಂತಿಯಿಂದ ಜೋತಾಡಿತು. ದೋಣಿಯಲ್ಲಿದ್ದ ಇಬ್ಬರು ಆಳುಗಳಲ್ಲಿ ಒಬ್ಬನಿಗೆ ಈಜು ಬಾರದು. ಮೋಟಾರಿದೆಯೆಂದು ಹುಟ್ಟನ್ನು ಮನೆಯಲ್ಲಿಯೇ ಬಿಟ್ಟು ಹೋಗಿದ್ದರು. ಗಾಳಿಯು ದೋಣಿಯನ್ನು ಏರಿಯ ಕಡೆಗೆ ತಳ್ಳುವ ಹೊತ್ತಿಗೆ ಕತ್ತಲಾಗಿತ್ತು. ಕೈಯಿಂದ ಅಲುಗಾಡಿಸಿ ನೋಡುವುದು ಪರೀಕ್ಷೆಯಲ್ಲವೆಂದು ಅಂದು ತಿಳಿದೆನು.

ಆದುದರಿಂದ ಹಲಗೆಯ ವಿಷಯವನ್ನು ಮೊದಲು ವಿಚಾರಿಸತಕ್ಕದ್ದು. ಒಂದೂವರೆ ಅಂಗುಲ ದಪ್ಪದ, ಗಂಟು ಬಿರುಕುಗಳಿಲ್ಲದ ತೇಗ ಅಥವಾ ಹೊನ್ನೆಯ ಹಲಗೆ ಉತ್ತಮ. ಫೈಬರ್ ದೋಣಿಯ ಹಿಂಬದಿಯು ತೆಳುವಾಗಿರುವುದರಿಂದ ಕ್ಲ್ಯಾಂಪನ್ನು ನೇರವಾಗಿ ಅದಕ್ಕೆ ಕಚ್ಚಿಸಕೂಡದು. ಒಳಗೊಂದು ಹೊರಗೊಂದು ಮರದ ಹಲಗೆಯನ್ನಿಟ್ಟು, ನಾಲ್ಕು ಮೂಲೆಗಳಲ್ಲಿಯೂ 8 ಮಿಲಿಮೀಟರ್ ಗಾತ್ರದ ಸ್ಟೇನ್‌ಲೆಸ್ ಬೋಲ್ಟುಗಳನ್ನು ಆರುಪಾರಾಗಿ ತೂರಿಸಿ, ಅಗಲವಾದ ವಾಷರುಗಳೊಡನೆ ನಟ್ಟು ಬಿಗಿಸಬೇಕು. ಎರಡು ಹಲಗೆಗಳೂ ಫೈಬರೂ ಸೇರಿದ ದಪ್ಪವು ಕ್ಲ್ಯಾಂಪಿನ ಬಾಯಿಗೆ ಹಿಡಿಯುವುದೇ ಎಂದು ಮೊದಲೇ ಅಳೆದುಕೊಳ್ಳಬೇಕು. ಮರದ ತಿರುಪುಮೊಳೆಗಳನ್ನು ನಂಬಬೇಡಿರಿ. ಮೋಟಾರಿನ ನಡುಕಕ್ಕೆ ಅವು ತಾವಾಗಿಯೇ ಹೊರಬರುವುವು. ಕೊರೆದ ರಂಧ್ರಗಳಿಗೆ ಸೀಲೆಂಟನ್ನು ತುಂಬುವುದು ಅವಶ್ಯ. ಇಲ್ಲವಾದರೆ ನೀರು ಒಳಸೇರಿ, ಹೊರಗೆ ಬಣ್ಣ ಚೆನ್ನಾಗಿರುವಾಗಲೇ ಮರವು ಒಳಗಿನಿಂದ ಕೊಳೆಯುವುದು. ಕ್ಲ್ಯಾಂಪಿನ ಕಿವಿತಿರುಪುಗಳನ್ನು ಕೈಯಿಂದಲೇ ಬಿಗಿಯಬೇಕು. ಪಾನೆ ಹಾಕಿ ತಿರುಗಿಸಿ ಕ್ಲ್ಯಾಂಪನ್ನೇ ಸೀಳಿಕೊಂಡವರುಂಟು.

ಹರಿಗೋಲಿಗೆ ಮೋಟಾರು ಹಾಕಬಹುದೇ ಎಂದು ಕೆಲವರು ಕೇಳಿರುವರು. ಬಿದಿರಿನ ಹೆಣಿಗೆಯ ಅಂಚಿನಲ್ಲಿ ಕ್ಲ್ಯಾಂಪು ಕಚ್ಚುವ ಚಪ್ಪಟೆ ಸ್ಥಳವಿಲ್ಲ. ಗುಂಡಾದ ತಳವು ದಿಕ್ಕನ್ನು ಹಿಡಿದು ನಿಲ್ಲದೆ ಸುತ್ತುವುದು. ಅದು ಹುಟ್ಟಿಗೇ ಇರಲಿ.

ರೆಕ್ಕೆಯು ನೀರಿನ ಮೇಲ್ಮೈಗಿಂತ ಒಂದಡಿಯಾದರೂ ಕೆಳಗಿರಬೇಕು. ಮೇಲಿದ್ದರೆ ಗಾಳಿಯನ್ನು ಎಳೆದುಕೊಂಡು ವೃಥಾ ತಿರುಗುವುದು. ಬ್ಯಾಟರಿಯು ಮೋಟಾರಿಗಿಂತಲೂ ಭಾರವಾಗಿರುವುದರಿಂದ ಅದನ್ನು ಹಿಂಬದಿಯಲ್ಲಿಡದೆ ದೋಣಿಯ ನಡುವೆ, ಮುಚ್ಚಳವಿರುವ ಪೆಟ್ಟಿಗೆಯಲ್ಲಿಟ್ಟು ಪಟ್ಟಿಯಿಂದ ಕಟ್ಟಬೇಕು. 12 ವೋಲ್ಟಿನ 55 ಪೌಂಡಿನ ಮೋಟಾರು ಪೂರ್ಣ ವೇಗದಲ್ಲಿ ಸುಮಾರು 50 ಆಂಪಿಯರು ಎಳೆಯುವುದು. ಬ್ಯಾಟರಿಗೆ ಅತಿ ಹತ್ತಿರದಲ್ಲಿ 60 ಆಂಪಿಯರಿನ ಬ್ರೇಕರೊಂದಿರದಿದ್ದರೆ ರೆಕ್ಕೆಗೆ ಬಲೆ ಸುತ್ತಿಕೊಂಡಾಗ ತಂತಿಯೇ ಸುಡುವುದು.

ಮೋಟಾರಿಗೆ ನೈಲಾನ್ ಹಗ್ಗವನ್ನು ಕಟ್ಟಿ, ಅದರ ಇನ್ನೊಂದು ತುದಿಯನ್ನು ದೋಣಿಯ ಬೇರೆ ಭಾಗದಲ್ಲಿರುವ ಬಳೆಗೆ ಕಟ್ಟತಕ್ಕದ್ದು. ಹಲಗೆಗೇ ಕಟ್ಟಿದರೆ ಹಲಗೆಯೊಡನೆ ಹಗ್ಗವೂ ಹೋಗುವುದು. ಆಳುಗಳನ್ನು ಕಳುಹಿಸುವ ಯಜಮಾನರು ದೋಣಿಯಲ್ಲಿ ಒಂದು ಜೊತೆ ಹುಟ್ಟೂ ತಲೆಗೊಂದು ತೇಲುವ ಅಂಗಿಯೂ ಇವೆಯೇ ಎಂದು ತಾವೇ ನೋಡಬೇಕು.

ಮೊದಲ ದಿನ ದೋಣಿಯನ್ನು ದಡದ ಗೂಟಕ್ಕೆ ಹಗ್ಗದಿಂದ ಬಿಗಿದು, ರೆಕ್ಕೆಯ ಬಳಿ ಯಾರೂ ನಿಲ್ಲದಂತೆ ನೋಡಿಕೊಂಡು, ಮೋಟಾರನ್ನು ಪೂರ್ಣ ವೇಗದಲ್ಲಿ ಮುಂದಕ್ಕೂ ಹಿಂದಕ್ಕೂ ಐದೈದು ನಿಮಿಷ ನಡೆಯಿಸಿರಿ. ಅದಕ್ಕೆ ಮುಂಚೆ ತಿರುಪಿನಿಂದ ಕ್ಲ್ಯಾಂಪಿನವರೆಗೂ ನಟ್ಟಿನಿಂದ ಹಲಗೆಯವರೆಗೂ ಬಿಳಿಯ ಬಣ್ಣದಿಂದ ಒಂದೊಂದು ಗೆರೆಯನ್ನೆಳೆದಿರಬೇಕು. ಹೊಸ ಮರವು ಒತ್ತಿಕೊಳ್ಳುವುದರಿಂದ ಒಮ್ಮೆ ಗೆರೆ ತಪ್ಪಿದರೆ ಮರಳಿ ಬಿಗಿದು, ಹೊಸ ಗೆರೆಯನ್ನೆಳೆದು, ಅರ್ಧ ಗಂಟೆಯ ಮೇಲೆ ಇನ್ನೊಮ್ಮೆ ನೋಡಿರಿ. ಆಗಲೂ ತಪ್ಪಿದ್ದರೆ ಹಲಗೆಯನ್ನೇ ಬಿಚ್ಚಿ ಪರೀಕ್ಷಿಸಬೇಕಲ್ಲದೆ ಮತ್ತೆ ಬಿಗಿದು ನಡುಗೆರೆಗೆ ಹೋಗಕೂಡದು.