ಅಂಗಳಕ್ಕೆ ಮರಳಬೇಕಾದ ಸಮೀಕ್ಷೆ: ಅಂಗನವಾಡಿ ವಯಸ್ಸಿನ ಮಕ್ಕಳು ಮತ್ತು ನಮ್ಮ ಸಮುದಾಯ ಕಾರ್ಯ

ಬೋಧನಾಭ್ಯಾಸದ ಅವಧಿಯಲ್ಲಿ ಪಾಠಗಳ ಜೊತೆಗೆ ಸಮುದಾಯ ಕಾರ್ಯವನ್ನೂ ಪ್ರಶಿಕ್ಷಣಾರ್ಥಿಗಳು ಮಾಡಬೇಕಾಗುತ್ತದೆ. ಹೆಚ್ಚಿನ ತಂಡಗಳು ಆರಿಸಿಕೊಳ್ಳುವುದು ಮನೆಮನೆ ಸಮೀಕ್ಷೆಯನ್ನು. ನಮೂನೆ ತುಂಬಿ, ಶೇಕಡಾವಾರು ಲೆಕ್ಕ ಹಾಕಿ, ಸ್ತಂಭಾಲೇಖ ಬರೆದು, ವರದಿಗೆ ಬೈಂಡಿಂಗ್ ಮಾಡಿಸಿದರೆ ಕೆಲಸ ಮುಗಿಯಿತು. ಕೆಲಸ ಬಿಟ್ಟು ಬಾಗಿಲಲ್ಲಿ ನಿಂತು ಉತ್ತರ ಕೊಟ್ಟ ತಾಯಿಗೆ ಆ ವರದಿಯಲ್ಲಿ ಏನಿದೆ ಎಂಬುದು ತಿಳಿಯುವುದೇ ಇಲ್ಲ. ಆರು ವರ್ಷದೊಳಗಿನ ಮಕ್ಕಳ ಬೆಳವಣಿಗೆಯನ್ನು ವಿಷಯವಾಗಿ ಇಟ್ಟುಕೊಂಡು, ಇದೇ ಸಮೀಕ್ಷೆಯನ್ನು ಊರಿಗೆ ಉಪಯೋಗವಾಗುವಂತೆ ಹೇಗೆ ಮಾಡಬಹುದೆಂದು ಇಲ್ಲಿ ಚರ್ಚಿಸಿದ್ದೇನೆ.

ಪ್ರೌಢಶಾಲೆಯಲ್ಲಿ ವಿಜ್ಞಾನ, ಗಣಿತ ಹೇಳಿಕೊಡಲಿರುವವರಿಗೆ ಅಂಗನವಾಡಿ ಮಗುವಿನ ವಿಚಾರ ಏಕೆ ಎಂಬ ಪ್ರಶ್ನೆ ಬರುವುದು ಸಹಜ. ಮಿದುಳಿನ ಬೆಳವಣಿಗೆ ಅತ್ಯಂತ ವೇಗವಾಗಿ ನಡೆಯುವುದು ಹುಟ್ಟಿದ ಮೊದಲ ಕೆಲವು ವರ್ಷಗಳಲ್ಲಿ. ಎಂಟನೆಯ ತರಗತಿಯಲ್ಲಿ ನಾವು ‘ಕಲಿಕೆಯಲ್ಲಿ ಹಿಂದುಳಿದವರು’ ಎಂದು ಪಟ್ಟಿ ಮಾಡುವ ಮಕ್ಕಳಲ್ಲಿ ಕೆಲವರ ಕಥೆ ಅಲ್ಲಿಂದಲೇ ಶುರುವಾಗಿರುತ್ತದೆ. ಇನ್ನೊಂದು ಕಾರಣವೂ ಇದೆ. ಹಳ್ಳಿಯಲ್ಲಿ ತಾಯಿ ಕೂಲಿಗೆ ಹೋದಾಗ ಪುಟ್ಟ ತಮ್ಮ ತಂಗಿಯರನ್ನು ಸೊಂಟದ ಮೇಲೆ ಹೊತ್ತು ತಿರುಗುವವರು ನಮ್ಮ ತರಗತಿಯ ಹುಡುಗ ಹುಡುಗಿಯರೇ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ (2019–21) ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಅಂದರೆ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು. ಯೋಜನೆ ರೂಪಿಸುವವರಿಗೆ ಈ ಅಂಕಿ ಬೇಕು. ಆದರೆ ಯಾವ ಕೇರಿಯ ಮಕ್ಕಳು, ವರ್ಷದ ಯಾವ ತಿಂಗಳಲ್ಲಿ, ಏಕೆ ಸೊರಗುತ್ತಾರೆ ಎಂಬುದನ್ನು ಅದು ಹೇಳಲಾರದು. ಅದನ್ನು ಊರಿನಲ್ಲೇ ಕೂತು ತಿಳಿಯಬೇಕು.

ಕಿಂಗ್‌ಸ್ಟನ್‌ನಿಂದ ಒಡಿಶಾಕ್ಕೆ

ಈ ವಿಷಯದಲ್ಲಿ ನಾವೆಲ್ಲ ಓದಲೇಬೇಕಾದ ಅಧ್ಯಯನ ಜಮೈಕಾ ದೇಶದ್ದು. ಸ್ಯಾಲಿ ಗ್ರಂಥಮ್-ಮೆಕ್‌ಗ್ರೆಗರ್ ಮತ್ತು ಅವರ ಸಂಗಡಿಗರು 1980ರ ದಶಕದಲ್ಲಿ ಕಿಂಗ್‌ಸ್ಟನ್ ನಗರದ ಬಡ ಬಡಾವಣೆಗಳಲ್ಲಿ ಬೆಳವಣಿಗೆ ಕುಂಠಿತವಾಗಿದ್ದ 129 ಮಕ್ಕಳನ್ನು ಆಯ್ದುಕೊಂಡರು. ಮಕ್ಕಳ ವಯಸ್ಸು 9ರಿಂದ 24 ತಿಂಗಳು. ಒಂದು ಗುಂಪಿಗೆ ಪೂರಕ ಆಹಾರ, ಒಂದಕ್ಕೆ ಆಟದ ಮೂಲಕ ಪ್ರಚೋದನೆ, ಮತ್ತೊಂದಕ್ಕೆ ಎರಡೂ, ಇನ್ನೊಂದಕ್ಕೆ ಯಾವುದೂ ಇಲ್ಲ. ಆಟ ಕಲಿಸಲು ಹೋದವರು ದೊಡ್ಡ ಪದವೀಧರರಲ್ಲ, ನಮ್ಮ ಆಶಾ ಕಾರ್ಯಕರ್ತೆಯರಂಥ ಸ್ಥಳೀಯ ಆರೋಗ್ಯ ಸಹಾಯಕಿಯರು. ವಾರಕ್ಕೊಮ್ಮೆ ಒಂದು ಗಂಟೆ, ಎರಡು ವರ್ಷಗಳ ಕಾಲ, ಮನೆಯಲ್ಲೇ ಮಾಡಬಹುದಾದ ಆಟಿಕೆಗಳನ್ನು ಹಿಡಿದು, ಮಗುವಿನೊಡನೆ ಹೇಗೆ ಆಡಬೇಕು, ಮಾತಾಡಬೇಕು ಎಂದು ತಾಯಿಗೆ ತೋರಿಸಿಕೊಟ್ಟರು. ಆ ಮಕ್ಕಳು 22ರ ಆಸುಪಾಸಿಗೆ ಬಂದಾಗ ಮತ್ತೆ ಹುಡುಕಿ ನೋಡಲಾಯಿತು. ಪ್ರಚೋದನೆ ಪಡೆದವರ ಗಳಿಕೆ ಪಡೆಯದವರಿಗಿಂತ ಶೇ. 25ರಷ್ಟು ಹೆಚ್ಚಿತ್ತು. ಈ ಫಲಿತಾಂಶ 2014ರಲ್ಲಿ ಪ್ರಕಟವಾಯಿತು.

ಒಡಿಶಾದ ಗ್ರಾಮಗಳಲ್ಲಿ ಇದೇ ಪಾಠಕ್ರಮವನ್ನು ಇಲ್ಲಿಗೆ ಹೊಂದಿಸಿಕೊಂಡು ನಡೆಸಿದ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು. 192 ಹಳ್ಳಿಗಳಲ್ಲಿ ನಡೆದ ಈ ಪ್ರಯೋಗದಲ್ಲಿ ಕೆಲವು ಕಡೆ ಮನೆಭೇಟಿ, ಕೆಲವು ಕಡೆ ತಾಯಂದಿರು ಮಕ್ಕಳೊಡನೆ ಒಟ್ಟಿಗೆ ಕೂಡುವ ಗುಂಪು ಸಭೆ. ಎರಡರಿಂದಲೂ ಮಕ್ಕಳ ಬುದ್ಧಿ ಬೆಳವಣಿಗೆಗೆ ಪ್ರಯೋಜನವಾಯಿತು, ಗುಂಪು ಸಭೆಗೆ ತಗಲಿದ ಖರ್ಚು ಮಾತ್ರ ಬಹಳ ಕಡಿಮೆ. ಸ್ತ್ರೀಶಕ್ತಿ ಸಂಘಗಳು ಊರೂರಲ್ಲಿ ಇರುವ ನಮ್ಮ ರಾಜ್ಯಕ್ಕೆ ಇದು ಒಳ್ಳೆಯ ಸುದ್ದಿ ಎಂದು ನನಗನಿಸುತ್ತದೆ.

ಪ್ರಶ್ನೆಯನ್ನು ತಿರುಗಿಸುವುದು

ಸಾಮಾನ್ಯ ನಮೂನೆಯಲ್ಲಿ ಬರುವ ಪ್ರಶ್ನೆ ಹೀಗಿರುತ್ತದೆ: ‘ಮನೆಯಲ್ಲಿ ಮಗುವಿಗೆ ಕಲಿಕಾ ಸಾಮಗ್ರಿ ಲಭ್ಯವಿದೆಯೇ? ಹೌದು / ಇಲ್ಲ’. ಹಳ್ಳಿಯ ಅಜ್ಜಿ ‘ಇಲ್ಲ’ ಎನ್ನುತ್ತಾರೆ, ನಾವು ಗುರುತು ಹಾಕುತ್ತೇವೆ. ಆದರೆ ಅದೇ ಅಜ್ಜಿಯ ಮುಂದೆ ಮೊರದಲ್ಲಿ ಅವರೆಕಾಳು ಇರುತ್ತದೆ, ಮೊಮ್ಮಗು ಕಾಳು ಆರಿಸಿ ಲೋಟಕ್ಕೆ ಹಾಕುತ್ತಿರುತ್ತದೆ. ಬೆರಳಿನ ಸೂಕ್ಷ್ಮ ಚಲನೆಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಯಾವ ಅಂಗಡಿಯಲ್ಲಿದೆ? (ಕಾಳು ಮೂಗಿಗೆ, ಬಾಯಿಗೆ ಹೋಗದಂತೆ ಕಣ್ಣಿಟ್ಟಿರಬೇಕು, ಅದು ಬೇರೆ ಮಾತು.) ‘ಅಜ್ಜಿ, ಮಗು ಹಟ ಮಾಡಿದರೆ ಏನು ಮಾಡ್ತೀರಿ?’, ‘ಊಟ ಮಾಡಿಸುವಾಗ ಏನು ಹೇಳ್ತೀರಿ?’, ‘ಸಂಜೆ ಹೊತ್ತು ಯಾರ ಹತ್ತಿರ ಇರುತ್ತೆ?’ ಎಂದು ಕೇಳಿದರೆ ತಾರಮ್ಮಯ್ಯ, ಕೂಸುಮರಿ, ಕಣ್ಣಾಮುಚ್ಚಾಲೆ, ಚಂದಮಾಮನನ್ನು ತೋರಿಸಿ ತುತ್ತಿಡುವುದು ಎಲ್ಲವೂ ಹೊರಬರುತ್ತವೆ. ಮನೆಮಾತು ಲಂಬಾಣಿ, ಉರ್ದು, ತೆಲುಗು ಆಗಿರುವ ಕಡೆ ಆ ಭಾಷೆಯ ಜೋಗುಳ, ಆಟಗಳನ್ನೇ ಬರೆದುಕೊಳ್ಳಬೇಕು.

ಹಾಗೆಂದು ಊರಲ್ಲಿ ಇರುವುದೆಲ್ಲ ಒಳ್ಳೆಯದೆಂದು ಬರೆಯುವುದೂ ಸರಿಯಲ್ಲ. ತಾಯಿಯ ಮೊದಲ ಹಾಲನ್ನು ಹಿಂಡಿ ಚೆಲ್ಲುವುದು, ಹುಟ್ಟಿದ ಕೂಸಿಗೆ ಬೆಲ್ಲದ ನೀರು ಕೊಡುವುದು ಕೆಲವು ಕಡೆ ಇನ್ನೂ ಉಂಟು. ಇಲ್ಲಿ ಭಾಷಣಕ್ಕಿಂತ, ಹಸು ಕಟ್ಟಿದ ಮನೆಯವರನ್ನು ‘ಕರುವಿಗೆ ಗಿಣ್ಣುಹಾಲು ಏಕೆ ಬಿಡ್ತೀರಿ?’ ಎಂದು ಕೇಳುವುದು ಹೆಚ್ಚು ಕೆಲಸ ಮಾಡುತ್ತದೆ. ಉತ್ತರ ಅವರಲ್ಲೇ ಇದೆ.

ಬೆಳವಣಿಗೆ ನಕ್ಷೆಯ ಕೆಳಗೆ ಊರಿನ ಪಂಚಾಂಗ

ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದಾಗ ನಮ್ಮ ರಾಜ್ಯದ ತಿ. ನರಸೀಪುರವೂ ಅದರಲ್ಲಿತ್ತು. ಅಂದಿನಿಂದ ಅಂಗನವಾಡಿಯಲ್ಲಿ ತೂಕ ನೋಡುವ ಕೆಲಸ ನಡೆದಿದೆ. ಈಗ ಅದು ಪೋಷಣ್ ಟ್ರ್ಯಾಕರ್ ಎಂಬ ಆ್ಯಪ್‌ನಲ್ಲಿ ದಾಖಲಾಗುತ್ತದೆ. ಮಾಹಿತಿ ಮೇಲಕ್ಕೆ ಹೋಗುವ ದಾರಿ ಚೆನ್ನಾಗಿದೆ. ಕೇರಿಗೆ ಇಳಿಯುವ ದಾರಿಯನ್ನು ನಾವು ಮಾಡಬಹುದು.

ಎಂಟನೆಯ ತರಗತಿಯ ಗಣಿತದಲ್ಲಿ ನಕ್ಷೆಗಳ ಪಾಠವಿದೆ. ಅಲ್ಲಿ ಕ್ರಿಕೆಟ್ ರನ್ನುಗಳ ಬದಲು ಒಂದು ಹೆಣ್ಣುಮಗುವಿನ ತೂಕ ಕೊಡೋಣ. ಇವು ಪಾಠಕ್ಕಾಗಿ ಮಾಡಿಕೊಂಡ ಸಂಖ್ಯೆಗಳು: 9ನೇ ತಿಂಗಳಲ್ಲಿ 7.8 ಕೆ.ಜಿ., 10ರಲ್ಲಿ 7.9, 11ರಲ್ಲಿ 7.8, 12ರಲ್ಲಿ 7.9. ವಿದ್ಯಾರ್ಥಿಗಳು ಬಿಂದುಗಳನ್ನು ಗುರುತಿಸಿ ಸೇರಿಸಲಿ. ಎಲ್ಲ ಬಿಂದುಗಳೂ ಹಸಿರು ಪಟ್ಟಿಯಲ್ಲೇ ಬರುತ್ತವೆ. ನಮೂನೆಯ ಪ್ರಕಾರ ಮಗು ‘ಸಾಮಾನ್ಯ’. ಆದರೆ ಗೆರೆ ಮೇಲೇರದೆ ಮಲಗಿಬಿಟ್ಟಿದೆ. ಬಣ್ಣ ನೋಡುವವರಿಗೆ ಕಾಣದ್ದು ಇಳಿಜಾರು ನೋಡುವವರಿಗೆ ಕಾಣುತ್ತದೆ. ಇಳಿಜಾರಿನ ಅರ್ಥವನ್ನು ಕಲಿಸಲು ಇದಕ್ಕಿಂತ ಸತ್ವವಿರುವ ಉದಾಹರಣೆ ನನಗೆ ಸಿಕ್ಕಿಲ್ಲ.

ಆ ಮೂರು ತಿಂಗಳಲ್ಲಿ ಏನಾಯಿತು ಎಂಬ ಪ್ರಶ್ನೆಗೆ ಉತ್ತರ ತರಗತಿಯಲ್ಲಿಲ್ಲ. ಅದಕ್ಕಾಗಿ ಅಂಗನವಾಡಿಯ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಹನ್ನೆರಡು ಮನೆ ಬರೆದು, ಒಂದೊಂದಕ್ಕೆ ಒಂದು ತಿಂಗಳ ಹೆಸರಿಡಬೇಕು. ಯುಗಾದಿಯಿಂದ ಶುರು ಮಾಡಿದರೆ ತಾಯಂದಿರಿಗೆ ಸುಲಭ. ಕೂಲಿ ಹೆಚ್ಚಿರುವ ತಿಂಗಳಿಗೆ ಹುಣಸೆ ಬೀಜ, ಮಕ್ಕಳಿಗೆ ಭೇದಿ, ಜ್ವರ ಹೆಚ್ಚಾಗುವ ತಿಂಗಳಿಗೆ ಬೆಣಚುಕಲ್ಲು, ಮನೆಯಲ್ಲಿ ಕಾಳುಕಡಿ ತೀರುವ ತಿಂಗಳಿಗೆ ರಾಗಿ. ಎಷ್ಟು ಹೆಚ್ಚೋ ಅಷ್ಟು ಇಡಲಿ. ಓದುಬರಹ ಬಾರದವರೂ ಸಮನಾಗಿ ಭಾಗವಹಿಸುವ ವಿಧಾನ ಇದು. ಕಳೆ ತೆಗೆಯುವ ಕಾಲ, ಹೊಸ ನೀರು ಬರುವ ಕಾಲ, ಕಣಜ ಬರಿದಾಗುವ ಕಾಲ ಒಂದೇ ಮನೆಯಲ್ಲಿ ರಾಶಿ ಬಿದ್ದರೆ, ಮಗುವಿನ ಗೆರೆ ಮಲಗಿದ್ದು ಯಾಕೆಂದು ಹೇಳಿಕೊಡಲು ಪ್ರಶಿಕ್ಷಣಾರ್ಥಿ ಬೇಕಿಲ್ಲ. ಆ ತಿಂಗಳಲ್ಲಿ ಮಗು ಯಾರ ಹತ್ತಿರ ಇರಬೇಕು, ಮಧ್ಯಾಹ್ನ ಯಾರು ತಿನ್ನಿಸಬೇಕು ಎಂಬ ಚರ್ಚೆ ಅಲ್ಲಿಯೇ ಹುಟ್ಟುತ್ತದೆ. ಕೂಲಿ ಮಾಡುವ ತಾಯಂದಿರ ಪುಟ್ಟ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ನಡೆಸುವ ಯೋಜನೆ 2023–24ರ ಆಯವ್ಯಯದಲ್ಲಿ ಬಂದಿದೆ. ತಮ್ಮ ಊರಿಗೆ ಅದು ಬೇಕೆಂದು, ಯಾವ ತಿಂಗಳಲ್ಲಿ ಯಾವ ಹೊತ್ತಿಗೆ ತೆರೆದಿರಬೇಕೆಂದು ಗ್ರಾಮ ಸಭೆಯಲ್ಲಿ ಕೇಳಲು ಈ ರಂಗೋಲಿಯೇ ಆಧಾರ.

ಎರಡು ಎಚ್ಚರಿಕೆಗಳು. ಹೆಸರು ಹೇಳಿ ಯಾವ ಮಗುವಿನ ತೂಕವನ್ನೂ ಸಭೆಯಲ್ಲಿ ಓದಬಾರದು. ಸೊರಗಿದ ಮಗುವಿನ ತಾಯಿ ಮುಂದಿನ ಸಭೆಗೆ ಬರುವುದಿಲ್ಲ. ಅಳೆಯುವುದು, ದಾಖಲಿಸುವುದು ಅಂಗನವಾಡಿ ಕಾರ್ಯಕರ್ತೆಯ ಕೆಲಸವಾಗಿಯೇ ಉಳಿಯಬೇಕು. ತೋಳಿನ ಪಟ್ಟಿ ಕೆಂಪು ತೋರಿಸಿದರೆ, ಅಂದರೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ, ಅದು ಚರ್ಚೆಯ ವಿಷಯವಲ್ಲ. ಅವರ ಮೂಲಕ ಅದೇ ದಿನ ಆರೋಗ್ಯ ಕೇಂದ್ರಕ್ಕೆ ಕಳಿಸಬೇಕು.

ಕಾಲಾವಕಾಶದ ಮಾತು. ಬೋಧನಾಭ್ಯಾಸ ನಾಲ್ಕು ವಾರಗಳದ್ದಾದರೆ ಮೊದಲ ವಾರ ಮಾತುಕತೆ, ಎರಡನೆಯ ವಾರ ರಂಗೋಲಿ ಪಂಚಾಂಗ. ಮೂರನೆಯ ವಾರ ಬಾಲ ವಿಕಾಸ ಸಮಿತಿ ಮತ್ತು ಸ್ತ್ರೀಶಕ್ತಿ ಸಂಘದವರ ಎದುರು ಅದನ್ನು ಮತ್ತೆ ಓದಿ ತಿದ್ದಿಸಿಕೊಳ್ಳುವುದು. ಸಭೆ ಸಂಜೆ ಆರರ ಮೇಲೆಯೇ ಆಗಬೇಕು, ಹಗಲಲ್ಲಿ ಕರೆದರೆ ಕೂಲಿಗೆ ಹೋಗುವ ತಾಯಂದಿರೇ ತಪ್ಪಿಹೋಗುತ್ತಾರೆ. ಕೊನೆಯ ವಾರ ಪಂಚಾಂಗವನ್ನು ದೊಡ್ಡ ಹಾಳೆಗೆ ಇಳಿಸಿ ಅಂಗನವಾಡಿಯ ಗೋಡೆಗೆ ಅಂಟಿಸಿ, ಅದರ ಫೋಟೋ ಮಾತ್ರ ಕಾಲೇಜಿಗೆ ತರುವುದು. ಮೌಲ್ಯಮಾಪನ ಪಟ್ಟಿಯಲ್ಲಿ ಬೈಂಡಿಂಗ್ ವರದಿಗೆ ಇಟ್ಟಿರುವ ಅಂಕಗಳಲ್ಲಿ ಅರ್ಧವನ್ನಾದರೂ ಮೂರನೆಯ ವಾರದ ಆ ಸಂಜೆ ಸಭೆಗೆ ಮೀಸಲಿಡಲು ಸಾಧ್ಯವೇ ಎಂಬುದನ್ನು ನಮ್ಮ ಅಧ್ಯಾಪಕರು ಪರಿಶೀಲಿಸಬೇಕೆಂದು ವಿನಂತಿ.